ನಿಲ್ಲಬಲ್ಲ ಯಂತ್ರವೇ ಲೇಸು

ಜಪಾನಿನ ಸಾಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಹಾಸಿನ ಎಳೆ ಕಡಿದೊಡನೆ ತಾನೇ ನಿಲ್ಲುತ್ತಿತ್ತು. ತಂತ್ರಾಂಶ ತಯಾರಿಕೆಗೂ ಇದೇ ನೀತಿ ಸಲ್ಲುತ್ತದೆ. ಜೆಂಕಿನ್ಸ್‌ನಂತಹ ವ್ಯವಸ್ಥೆಯಲ್ಲಿ ತಯಾರಿಕೆ, ಪರೀಕ್ಷೆ, ರವಾನೆಗಳು ಸಾಲಾಗಿ ತಾವಾಗಿಯೇ ನಡೆಯುತ್ತವೆ. ಪ್ರತಿ ಹಂತದ ಸ್ಕ್ರಿಪ್ಟ್ ಕೊನೆಗೆ ಒಂದು ಅಂಕಿಯನ್ನು ಒಪ್ಪಿಸುತ್ತದೆ: 0 ಎಂದರೆ ಸರಿ, ಬೇರೆ ಯಾವುದಾದರೂ ದೋಷ. ದೋಷ ಕಂಡಲ್ಲಿಯೇ ಕೆಲಸ ನಿಲ್ಲತಕ್ಕದ್ದು.

ಆದರೆ ಗಡುವಿನ ಅವಸರದಲ್ಲಿ, ದೋಷವಿದ್ದರೂ 0 ಎಂದೇ ಒಪ್ಪಿಸುವಂತೆ ಸ್ಕ್ರಿಪ್ಟ್ ಬರೆಯುವುದುಂಟು. ಅವಸರಪಡಿಸುವವರು ಅನೇಕ ವೇಳೆ ನಾವೇ. ಆಗ ತೆರಿಗೆಯನ್ನು ತಪ್ಪಾಗಿ ಲೆಕ್ಕ ಹಾಕುವ ಬಿಲ್ಲಿಂಗ್ ತಂತ್ರಾಂಶವು ಅಂಗಡಿಗೆ ಬರುತ್ತದೆ. ದಂಡ ತೆರುವವರೂ ನಾವೇ. ಆದ್ದರಿಂದ ತಂತ್ರಾಂಶ ಮಾಡಿಸುವ ಸದಸ್ಯರು, ಪರೀಕ್ಷೆಯಲ್ಲಿ ಸೋತದ್ದು ಮುಂದಕ್ಕೆ ಸಾಗಕೂಡದೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಒಂದು ದಿನದ ವಿಳಂಬವನ್ನು ಸಹಿಸಬಹುದು. ತಿಂಗಳ ತಪ್ಪು ಬಿಲ್ಲುಗಳನ್ನು ಸಹಿಸಲಾಗದು.