ಮುಜುಗರವೇ ಬಂಡವಾಳ: ವಯಸ್ಕರ ತಾಣಗಳೂ ಮನೆಯ ಕಂಪ್ಯೂಟರೂ

ಬೆಂಗಳೂರು: ವಯಸ್ಕರ ಜಾಲತಾಣಗಳನ್ನು ನೋಡುವುದು ಸರಿಯೇ, ತಪ್ಪೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಕಾವೇರುತ್ತದೆ, ಮತ್ತೆ ತಣ್ಣಗಾಗುತ್ತದೆ. ನೋಡುವವರು ನೋಡುತ್ತಲೇ ಇರುತ್ತಾರೆ. ಈ ಗದ್ದಲದಲ್ಲಿ ಬದಿಗೆ ಸರಿದುಹೋಗುವ ಪ್ರಶ್ನೆಯೊಂದಿದೆ. ರಾತ್ರಿ ಹನ್ನೊಂದರ ನಂತರ ಇಂಥ ತಾಣ ತೆರೆಯುವ ಕಂಪ್ಯೂಟರಿನಲ್ಲೇ ಬೆಳಿಗ್ಗೆ ಬ್ಯಾಂಕ್ ವ್ಯವಹಾರ ನಡೆಯುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಕೆಯಾಗುತ್ತದೆ, ಮಕ್ಕಳ ಶಾಲೆಯ ಪ್ರಾಜೆಕ್ಟ್ ಸಿದ್ಧವಾಗುತ್ತದೆ. ಆ ಯಂತ್ರದ ಸುರಕ್ಷತೆಯ ಹೊಣೆ ಯಾರದು?

ಇಂಥ ದೃಶ್ಯ ನೋಡಿದ ಮಾತ್ರಕ್ಕೆ ವೈರಸ್ ಅಂಟುತ್ತದೆ ಎಂಬ ಜನಪ್ರಿಯ ನಂಬಿಕೆ ಅರ್ಧಸತ್ಯ. ಅಪಾಯ ಹೆಚ್ಚಾಗಿ ದೃಶ್ಯದಲ್ಲಿರುವುದಿಲ್ಲ, ಅದರ ಸುತ್ತಲಿನ ಜಾಹೀರಾತಿನಲ್ಲಿ ಮತ್ತು ಅದನ್ನು ನೋಡಲು ಬೇಕೆಂದು ಹೇಳುವ ಹೆಚ್ಚುವರಿ ತಂತ್ರಾಂಶದಲ್ಲಿ ಇರುತ್ತದೆ. 2007ರ ಸುಮಾರಿಗೆ ಹಬ್ಬಿದ ಡಿಎನ್‌ಎಸ್ ಚೇಂಜರ್ ಇದಕ್ಕೆ ಹಳೆಯ ಉದಾಹರಣೆ. ವಿಡಿಯೋ ಓಡಬೇಕಾದರೆ ಈ 'ಕೋಡೆಕ್' ಹಾಕಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಹಾಕಿಕೊಂಡವರ ಯಂತ್ರ ಅಂದಿನಿಂದ ಪರರ ಅಧೀನ. ವೈರಸ್ ಬರುವುದೇ ಇಲ್ಲ ಎಂದು ಬೀಗುತ್ತಿದ್ದ ಮ್ಯಾಕಿಂತೋಷ್ ಬಳಕೆದಾರರನ್ನೂ ಅದು ಬಿಡಲಿಲ್ಲ. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಜಾಲವನ್ನು ಭೇದಿಸಿದಾಗ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳು ಅದರ ಹಿಡಿತದಲ್ಲಿದ್ದವು.

ಹೆಸರಾಂತ ತಾಣವಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. ಪೋರ್ನ್‌ಹಬ್ ತಾಣದಲ್ಲಿ ಜಾಹೀರಾತಿನ ಮೂಲಕ 'ಕೋವ್ಟರ್' ಎಂಬ ದುಷ್ಟ ತಂತ್ರಾಂಶ ಹರಿದುಬರುತ್ತಿದ್ದುದನ್ನು 2017ರ ಅಕ್ಟೋಬರ್‌ನಲ್ಲಿ ಪ್ರೂಫ್‌ಪಾಯಿಂಟ್ ಸಂಸ್ಥೆ ಬಯಲಿಗೆಳೆಯಿತು. ತಾಣವನ್ನು ಯಾರೂ ಒಡೆದಿರಲಿಲ್ಲ. ವಂಚಕರು ಜಾಹೀರಾತಿನ ಜಾಗವನ್ನು ಎಲ್ಲರಂತೆ ಕೊಂಡು, ನಿಮ್ಮ ಬ್ರೌಸರ್ ಹಳೆಯದಾಗಿದೆ, ನವೀಕರಿಸಿ ಎಂಬ ನಕಲಿ ಸೂಚನೆ ತೋರಿಸಿದ್ದರು, ಅಷ್ಟೆ. ಒತ್ತಿದವರು ಕೆಟ್ಟರು.

ನಮ್ಮ ದೇಶದ ಮಟ್ಟಿಗೆ ಈ ಕಥೆಗೆ ಇನ್ನೊಂದು ತಿರುವು ಸಿಕ್ಕಿದ್ದು ನಿಷೇಧದಿಂದ. 2015ರಲ್ಲಿ 857 ತಾಣಗಳನ್ನು ತಡೆಯಲು ಹೊರಟ ಕೇಂದ್ರ ಸರಕಾರ ಕೆಲವೇ ದಿನಗಳಲ್ಲಿ ಹೆಜ್ಜೆ ಹಿಂದಿಟ್ಟಿತ್ತು. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ನೀಡಿದ ಆದೇಶದ ನಂತರ, ಅಕ್ಟೋಬರ್‌ನಲ್ಲಿ ದೂರಸಂಪರ್ಕ ಇಲಾಖೆ 827 ತಾಣಗಳಿಗೆ ಬೀಗ ಹಾಕಿಸಿತು. ನ್ಯಾಯಾಲಯದ ಕಾಳಜಿಯನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಪರಿಣಾಮವನ್ನು ನೋಡಲೇಬೇಕು. ಪರಿಚಿತ ವಿಳಾಸ ಮುಚ್ಚಿದೊಡನೆ ಜನ ಅದೇ ಹೆಸರನ್ನು ಹೋಲುವ ಬದಲಿ ವಿಳಾಸಗಳನ್ನು ಹುಡುಕತೊಡಗಿದರು. ಪೋರ್ನ್‌ಹಬ್ ಕೂಡ ಭಾರತೀಯರಿಗಾಗಿ ಬೇರೆ ವಿಳಾಸ ತೆರೆಯಿತು. ಹೆಸರು ಸ್ವಲ್ಪ ಬದಲಾದರೂ ಒಳಗಿರುವುದು ಅದೇ ಎಂಬ ನಂಬಿಕೆ ಬೆಳೆದ ಕಡೆ ನಕಲಿ ತಾಣ ಕಟ್ಟುವವರಿಗೆ ಕೆಲಸ ಸುಲಭ.

ಮತ್ತೊಂದು ಗುಂಪು ಉಚಿತ ವಿಪಿಎನ್‌ಗಳ ಮೊರೆಹೋಯಿತು. ಉಚಿತ ಎನ್ನುವುದರ ಬೆಲೆ ಎಷ್ಟೆಂಬುದಕ್ಕೆ 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಹಿರಂಗಪಡಿಸಿದ '911 ಎಸ್5' ಪ್ರಕರಣವನ್ನು ನೋಡಬಹುದು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮುಂತಾದ ಹೆಸರಿನ ತಂತ್ರಾಂಶ ಹಾಕಿಕೊಂಡವರ ಮನೆಯ ಅಂತರ್ಜಾಲ ಸಂಪರ್ಕವನ್ನೇ ಅಪರಾಧಿಗಳಿಗೆ ಬಾಡಿಗೆಗೆ ಕೊಡಲಾಗುತ್ತಿತ್ತು. ಸುಮಾರು 200 ದೇಶಗಳ 1.9 ಕೋಟಿ ಐಪಿ ವಿಳಾಸಗಳು ಹೀಗೆ ಬಳಕೆಯಾದವು. ಎಲ್ಲೋ ಕುಳಿತ ವಂಚಕ ಮಾಡಿದ ಅಪರಾಧದ ಜಾಡು ಹಿಡಿದು ಬಂದರೆ ಸಿಗುವುದು ಏನೂ ಅರಿಯದವನೊಬ್ಬನ ಮನೆಯ ವಿಳಾಸ!

ನೋಟೀಸೂ ನಕಲಿ, ದಂಡವೂ ನಕಲಿ

ಇನ್ನು ಕೆಲವು ವಂಚಕರಿಗೆ ವೈರಸ್ಸೂ ಬೇಕಿಲ್ಲ. ಪರದೆ ತುಂಬ ಪೊಲೀಸ್ ಲಾಂಛನ, ನೀವು ನಿಷೇಧಿತ ದೃಶ್ಯ ನೋಡಿದ್ದೀರಿ, ನಿಮ್ಮ ಕಂಪ್ಯೂಟರನ್ನು ಬಂಧಿಸಲಾಗಿದೆ, ಇಷ್ಟು ಗಂಟೆಯೊಳಗೆ ದಂಡ ಕಟ್ಟಿ ಎಂಬ ಆದೇಶ. 2021ರಲ್ಲಿ ದೆಹಲಿ ಪೊಲೀಸರು ಇಂಥ ಜಾಲವೊಂದಕ್ಕೆ ಸಂಬಂಧಿಸಿ ತಮಿಳುನಾಡಿನಲ್ಲಿ ಮೂವರನ್ನು ಬಂಧಿಸಿದ್ದರು. ಅವರು ಕೇಳುತ್ತಿದ್ದುದು 3,000 ರೂಪಾಯಿ. ದೂರು ಕೊಡುವ ನಾಚಿಕೆಗಿಂತ ಮೂರು ಸಾವಿರ ಅಗ್ಗ ಎಂದು ಲೆಕ್ಕ ಹಾಕಿಯೇ ನಿಗದಿಪಡಿಸಿದಂತಿದೆ ಈ ಮೊತ್ತ.

ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿದ್ದರೆ ಈ ಬೆದರಿಕೆ ಅಲ್ಲೇ ಸಾಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳು ಶಿಕ್ಷಿಸುವುದು ಅಶ್ಲೀಲವಾದುದನ್ನು ಪ್ರಕಟಿಸುವವರನ್ನು, ರವಾನಿಸುವವರನ್ನು. ವಯಸ್ಕನೊಬ್ಬ ತನ್ನ ಕೋಣೆಯಲ್ಲಿ ವಯಸ್ಕರ ದೃಶ್ಯ ನೋಡುವುದನ್ನು ಅವು ಅಪರಾಧವೆಂದಿಲ್ಲ. ಮಕ್ಕಳನ್ನು ಒಳಗೊಂಡ ದೃಶ್ಯಗಳ ವಿಷಯ ಸಂಪೂರ್ಣ ಬೇರೆ. 67ಬಿ ಅಡಿಯಲ್ಲಿ ಅದನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಎಲ್ಲವೂ ಅಪರಾಧ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಯಾವ ಸಡಿಲಿಕೆಯೂ ಇಲ್ಲವೆಂದು ಸ್ಪಷ್ಟಪಡಿಸಿದೆ. ಇರಲಿ, ಎರಡೂ ಸಂದರ್ಭದಲ್ಲಿ ಒಂದು ಮಾತು ನಿಜ: ಯಾವ ಪೊಲೀಸರೂ ಬ್ರೌಸರಿನ ಕಿಟಕಿಯಲ್ಲಿ ದಂಡ ವಸೂಲಿ ಮಾಡುವುದಿಲ್ಲ.

ಇದೇ ತಂತ್ರದ ಇನ್ನಷ್ಟು ಕ್ರೂರ ರೂಪವನ್ನು 2025ರ ನವೆಂಬರ್‌ನಲ್ಲಿ ಅಕ್ರೋನಿಸ್ ಸಂಸ್ಥೆ ವರದಿ ಮಾಡಿತು. ಪ್ರಸಿದ್ಧ ವಯಸ್ಕರ ತಾಣಗಳನ್ನು ಹೋಲುವ ನಕಲಿ ತಾಣದಲ್ಲಿ ಎಲ್ಲಿ ಒತ್ತಿದರೂ ವಿಂಡೋಸ್ ನವೀಕರಣದ ಪರದೆ ಇಡೀ ಕಿಟಕಿಯನ್ನು ಆವರಿಸುತ್ತದೆ. ಕೊನೆಗೆ ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯ ಜತೆ 'ಆರ್', ಕಂಟ್ರೋಲ್ ಜತೆ 'ವಿ', ನಂತರ ಎಂಟರ್ ಒತ್ತಿ ಎಂಬ ಸೂಚನೆ. ಮೂರನೆಯದನ್ನು ಒತ್ತಿದರೆ, ತಾಣವು ಗುಟ್ಟಾಗಿ ನಕಲು ಮಾಡಿಟ್ಟ ಆಜ್ಞೆಯನ್ನು ಬಳಕೆದಾರನೇ ತನ್ನ ಕೈಯಾರೆ ಚಲಾಯಿಸಿದಂತೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಾಚಿಕೊಂಡು ಹೋಗುವ ತಂತ್ರಾಂಶಗಳು ಒಳಬರುತ್ತವೆ. ಮನೆಯವರು ಬಂದುಬಿಟ್ಟಾರು ಎಂಬ ಗಾಬರಿಯಲ್ಲಿರುವವನು ಪರದೆ ಹೇಳಿದ್ದನ್ನೆಲ್ಲ ಮಾಡುತ್ತಾನೆ ಎಂಬುದು ಇದನ್ನು ಹೆಣೆದವರ ಎಣಿಕೆ. ಯಾವ ಜಾಲಪುಟ ಹೇಳಿದರೂ ಈ ಮೂರು ಕೀಲಿಗಳ ಸರಣಿಯನ್ನು ಒತ್ತಕೂಡದು. ಎಸ್ಕೇಪ್ ಕೀಲಿ ಒತ್ತಿ, ಆಗದಿದ್ದರೆ ಯಂತ್ರವನ್ನೇ ಆರಿಸಿದರಾಯಿತು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲು ಒಂದು ಭ್ರಮೆ ಕಳಚಬೇಕು. 'ಇನ್‌ಕಾಗ್ನಿಟೋ' ಕಿಟಕಿ ನೀವು ನೋಡಿದ್ದನ್ನು ಮನೆಮಂದಿಯಿಂದ ಮರೆಮಾಚಬಹುದು, ವೈರಸ್ಸನ್ನು ತಡೆಯದು.

ನಿಜವಾಗಿ ಕಾಪಾಡುವುದು ಪ್ರತ್ಯೇಕ ಬಳಕೆದಾರ ಖಾತೆ. ಕಂಪ್ಯೂಟರಿನಲ್ಲಿ ಆಡಳಿತಾಧಿಕಾರವಿಲ್ಲದ ಇನ್ನೊಂದು ಖಾತೆ ತೆರೆದು, ಅದರ ಬ್ರೌಸರಿನಲ್ಲಿ ಇಮೇಲ್, ಬ್ಯಾಂಕು, ಫೇಸ್‌ಬುಕ್ ಯಾವುದಕ್ಕೂ ಪ್ರವೇಶಿಸದೆ, ಒಂದು ಪಾಸ್‌ವರ್ಡನ್ನೂ ಉಳಿಸದೆ ಇಟ್ಟರೆ ಕಳ್ಳ ಬಂದರೂ ಬಾಚಲು ಹೆಚ್ಚೇನೂ ಇರುವುದಿಲ್ಲ. ನಡುವೆ ಎಲ್ಲಿಂದಲೋ ಆಡಳಿತಾಧಿಕಾರಿಯ ಪಾಸ್‌ವರ್ಡ್ ಕೇಳುವ ಕಿಟಕಿ ತೆರೆದರೆ ಅದೇ ಎಚ್ಚರಿಕೆಯ ಗಂಟೆ. ಇದಕ್ಕೆ ತಗಲುವುದು ಹತ್ತು ನಿಮಿಷ, ಖರ್ಚು ಸೊನ್ನೆ. ಆದರೂ ಮನೆಮಂದಿಯೆಲ್ಲ ಒಂದೇ ಖಾತೆಯಲ್ಲಿ, ಅದೂ ಆಡಳಿತಾಧಿಕಾರದ ಖಾತೆಯಲ್ಲಿ ಕೆಲಸ ಮಾಡುವ ಅಭ್ಯಾಸ ನಮ್ಮದು.

ಎರಡನೆಯದು ಜಾಹೀರಾತು ತಡೆ. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೇ ಇದನ್ನು ಬಳಸುವಂತೆ ಸಲಹೆ ನೀಡಿತ್ತು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಉಚಿತವಾಗಿ ದೊರೆಯುತ್ತದೆ, ಕ್ರೋಮ್‌ನಲ್ಲಿ ಅದರ ಲೈಟ್ ರೂಪ ಸಿಗುತ್ತದೆ. ನಿಮಗೆ 18 ತುಂಬಿದೆ ಎಂದು ಖಚಿತಪಡಿಸಲು 'ಅಲೋ' ಒತ್ತಿ ಎಂದು ತಾಣ ಕೇಳಿದರೆ ಒತ್ತಬೇಡಿ. ಅದು ವಯಸ್ಸಿನ ಪರೀಕ್ಷೆಯಲ್ಲ, ನಿಮ್ಮ ಪರದೆಗೆ ಸದಾ ಸೂಚನೆ ಕಳುಹಿಸಲು ಕೇಳುವ ಅನುಮತಿ. ವಿಡಿಯೋ ನೋಡಲು ಪ್ಲೇಯರ್, ಕೋಡೆಕ್, ಫ್ಲ್ಯಾಶ್ ಬೇಕೆನ್ನುವ ಸಂದೇಶವೆಲ್ಲ ಸುಳ್ಳು. ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆಯೇ 2020ರ ಡಿಸೆಂಬರ್ 31ಕ್ಕೆ ಮಂಗಳ ಹಾಡಿದೆ.

ವಿಂಡೋಸ್ 10 ಇರುವ ಮನೆಗಳಿಗೆ ಪ್ರತ್ಯೇಕ ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಗೃಹ ಬಳಕೆದಾರರ ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡವರಿಗೂ ಸಿಕ್ಕಿದ್ದು 2026ರ ಅಕ್ಟೋಬರ್ 13ರವರೆಗಿನ ಕಾಲಾವಕಾಶ. ತೇಪೆ ಹಾಕದ ಯಂತ್ರದಲ್ಲಿ ಮೇಲೆ ಹೇಳಿದ ಎಚ್ಚರಿಕೆಗಳ ಬಲವೂ ಅರ್ಧಕ್ಕಿಳಿಯುತ್ತದೆ.

ಇಷ್ಟಾಗಿಯೂ ಸೋಂಕು ತಗಲಿದರೆ ಅಂತರ್ಜಾಲ ಸಂಪರ್ಕವನ್ನು ಕಡಿದು, ಬೇರೊಂದು ಯಂತ್ರದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ನಿರ್ಗಮಿಸುವ ಆಯ್ಕೆಯನ್ನು ಒತ್ತಬೇಕು. ಸೋಂಕಿತ ಯಂತ್ರದಲ್ಲೇ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನ ಪಾಲು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುದ್ಧೀಕರಣದ ತಂತ್ರಾಂಶಗಳು ಉಚಿತವಾಗಿ ಲಭ್ಯ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಇರುವುದು ಆರಂಭದ ಗಂಟೆಗಳಲ್ಲಿ ಮಾತ್ರ. ದೂರಿಗೆ ಮುಖ್ಯವಾಗಿ ಬೇಕಾದದ್ದು ಹಣ ಹೋದ ಖಾತೆ, ವ್ಯವಹಾರದ ಸಂಖ್ಯೆ, ಸಮಯ ಮತ್ತು ಸಾಧ್ಯವಾದರೆ ಆ ಪರದೆಯ ಚಿತ್ರ.