ನಮ್ಮೂರ ಶಾಲೆ ಸರಣಿ – ಭಾಗ 4: ಆ ಮೀಮ್ ಮಾಡಿದ್ದು ನಾನೇ

ಫೋಟೋದಲ್ಲಿರೋ ಮಾವಿನ ಮರ ನೆನಪಿದ್ಯಾ? ನಮ್ಮ ಹೈಸ್ಕೂಲಲ್ಲಿ ನೆಟ್‌ವರ್ಕ್ ಸಿಗ್ತಿದ್ದಿದ್ದು ಇದರ ಬುಡದಲ್ಲಿ ಮಾತ್ರ.

2020ರ ಲಾಕ್‌ಡೌನ್‌ನಲ್ಲಿ ವಿಜ್ಞಾನದ ಸರ್ ಇಲ್ಲೇ ಕೂತು ಆನ್‌ಲೈನ್ ಕ್ಲಾಸ್ ಮಾಡ್ತಿದ್ರು. ಒಂದಿನ ಮ್ಯೂಟ್ ತೆಗೆಯೋದು ಮರೆತು ಹತ್ತು ನಿಮಿಷ ಪಾಠ ಮಾಡಿದ್ರು. ಅದರ ಸ್ಕ್ರೀನ್‌ಶಾಟ್‌ಗೆ ಮೀಮ್ ಮಾಡಿ ಗ್ರೂಪಿಗೆ ಹಾಕಿದ್ದು ನಾನೇ. ಎಲ್ರೂ ಬಿದ್ದು ಬಿದ್ದು ನಕ್ವಿ.

ಹೋದ ತಿಂಗಳು ಟಿ.ಸಿ. ಕೆಲಸಕ್ಕೆ ಶಾಲೆಗೆ ಹೋದೆ. ಸರ್ ಇನ್ನೂ ಅದೇ ಮರದ ಕೆಳಗೆ! ಸ್ವಂತ ಫೋನು, ಸ್ವಂತ ಡೇಟಾ. "ಮಕ್ಕಳ ಮಾಹಿತಿ ತುಂಬ್ತಾ ಇದೀನಿ ಕಣಪ್ಪ, ಇವತ್ತೇ ಕೊನೇ ದಿನ" ಅಂದ್ರು.

👉 ಹಳ್ಳಿ ಮೇಷ್ಟ್ರುಗಳಿಗೆ ಟೆಕ್ನಾಲಜಿ ಬರಲ್ಲ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ತರಬೇತಿಗೇನೂ ಬರ ಇಲ್ಲ. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಬಂತು. 2020ರಲ್ಲಿ ನಿಷ್ಠಾ ತರಬೇತಿ ಕೂಡ ಆನ್‌ಲೈನ್ ಆಯ್ತು. ಆದ್ರೆ ಕೆರೇಲಿ ನೀರೇ ಇಲ್ದೆ ಈಜು ಕಲಿ ಅಂದ್ರೆ ಹೇಗೆ? ಕಲಿತದ್ದನ್ನ ಮಾರನೇ ದಿನ ಕ್ಲಾಸಲ್ಲಿ ಬಳಸಿದ್ರೆ ತಾನೇ ಕೈಗೆ ಹತ್ತೋದು?

ಯುಡೈಸ್ ಪ್ಲಸ್ 2024-25ರ ಪ್ರಕಾರ ದೇಶದ ಶೇ 63.5ರಷ್ಟು ಶಾಲೆಗಳಲ್ಲಿ ಇಂಟರ್‌ನೆಟ್ ಇದೆ. ಅಂದ್ರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗೆ ಇನ್ನೂ ಇಲ್ಲ. 2025ರ ಕೇಂದ್ರ ಬಜೆಟ್‌ನಲ್ಲಿ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡ್ತೀವಿ ಅಂದಿದ್ದು ಸರ್ಕಾರಿ ಪ್ರೌಢಶಾಲೆಗಳಿಗೆ. ಒಂದನೇ ಕ್ಲಾಸಿನ ಟೀಚರ್ ಏನು ಮಾಡ್ಬೇಕು?

ವೈರ್ ಎಳೆದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ನಾನು ಹೇಳ್ತಿಲ್ಲ. ಪೆರು ದೇಶ ಹಳ್ಳಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತ್ತು. 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರಲ್ಲೂ ಸುಧಾರಣೆ ಕಾಣಲಿಲ್ಲ. ಯಂತ್ರ ಬಂದ್ರೂ ಅದನ್ನ ಪಾಠಕ್ಕೆ ಒಗ್ಗಿಸೋಕೆ ಮೇಷ್ಟ್ರೇ ಬೇಕು.

ಅದಕ್ಕೆ ನನ್ನ ಬೇಡಿಕೆ ಮೂರೇ:

1️⃣ ಪ್ರೈಮರಿ ಸೇರಿ ಪ್ರತಿ ಶಾಲೆಗೂ ಇಂಟರ್‌ನೆಟ್. ಬಿಲ್ಲು ಇಲಾಖೆ ಕಟ್ಟಲಿ, ಮೇಷ್ಟ್ರ ಜೇಬಿಂದ ಬೇಡ.
2️⃣ ವಾರಕ್ಕೆ ಒಂದು ಪಿರಿಯಡ್ ಮೇಷ್ಟ್ರು ಕಲಿಯೋಕೆ ಅಂತಲೇ ಟೈಮ್‌ಟೇಬಲ್‌ನಲ್ಲಿ ಇರ್ಲಿ. ಡೇಟಾ ಎಂಟ್ರಿಗೆ ಬೇರೆ ಜನ ಕೊಡಲಿ.
3️⃣ ಕ್ಲಸ್ಟರ್ ಸಮಾಲೋಚನಾ ಸಭೇಲಿ ಗೊತ್ತಿರೋ ಟೀಚರ್ ಪಕ್ಕದೂರಿನ ಟೀಚರ್‌ಗೆ ಕಲಿಸಲಿ. ಸಂಕೋಚ ಇರಲ್ಲ, ಸರ್ಟಿಫಿಕೇಟ್ ಚಿಂತೆನೂ ಇರಲ್ಲ.

ಅವತ್ತು ಮರದ ಕೆಳಗೆ ಸರ್‌ಗೆ ಒಂದೇ ವಿಷಯ ತೋರಿಸ್ದೆ. ದೀಕ್ಷಾ ಆಪ್‌ನಲ್ಲಿ ವಿಡಿಯೋ ಡೌನ್‌ಲೋಡ್ ಮಾಡಿಟ್ಕೊಂಡ್ರೆ ಕ್ಲಾಸಲ್ಲಿ ನೆಟ್ ಇಲ್ದೆಯೂ ತೋರಿಸಬಹುದು. ಹತ್ತು ನಿಮಿಷ ಸಾಕಾಯ್ತು. ಮುಂದಿನ ವಾರ ಅವರದ್ದೇ ಮೆಸೇಜ್: "ಇವತ್ತು ಹೃದಯದ ವಿಡಿಯೋ ತೋರಿಸಿದೆ. ಹುಡುಗರು ಎರಡು ಸಲ ಹಾಕಿಸಿಕೊಂಡ್ರು."

ಇಷ್ಟು ವರ್ಷ ಕೊರತೆ ಇದ್ದಿದ್ದು ಅವರ ತಲೇಲಿ ಅಂದ್ಕೊಂಡಿದ್ದೆ. ಸಾರಿ ಸರ್ 🙏

ನಿಮ್ಮೂರ ಶಾಲೇಲಿ ನೆಟ್ ಎಲ್ಲಿ ಸಿಗುತ್ತೆ? ಕಮೆಂಟ್ ಮಾಡಿ. ಊರಿಗೆ ಹೋದಾಗ ನಿಮ್ಮ ಮೇಷ್ಟ್ರ ಜೊತೆ ಹತ್ತು ನಿಮಿಷ ಕೂತು ಬನ್ನಿ.

#ನಮ್ಮೂರಶಾಲೆ #ಸರ್ಕಾರಿಶಾಲೆ #ಕನ್ನಡಕ್ಯಾಪ್ಷನ್