ಮಗು ಮುಂದೆ ನಡೆಯಲಿ

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್. ನಾಲ್ಕು ವರ್ಷದಿಂದ ವ್ಯಾನಿನಲ್ಲಿ ಓಡಾಡುತ್ತಾಳೆ. ಮೊನ್ನೆ ವ್ಯಾನ್ ಬರಲಿಲ್ಲ, ಕರೆತರಲು ನಾನು ಹೋದೆ. ಗೇಟಿನ ಹೊರಗೆ ‘ಎಡಕ್ಕಾ, ಬಲಕ್ಕಾ?’ ಎಂದು ಕೇಳಿದೆ. ‘ಮ್ಯಾಪ್ ಹಾಕು ಚಿಕ್ಕಿ’ ಎಂದಳು.

ಮನೆಯಲ್ಲಿ ಎಲ್ಲರೂ ನಕ್ಕರು. ‘ಈಗಿನ ಮಕ್ಕಳಿಗೆ ಮೊಬೈಲ್ ಇಲ್ಲದೆ ಏನೂ ಆಗಲ್ಲ’ ಎಂಬ ಮಾತೂ ಬಂತು. ಈ ನಗುವಿನ ಬಗ್ಗೆಯೇ ನನ್ನ ತಕರಾರು. ನಾಲ್ಕು ವರ್ಷದಲ್ಲಿ ಒಂದು ತಿರುವಿನಲ್ಲಾದರೂ ಯಾವ ಕಡೆ ಹೋಗೋಣ ಎಂದು ಅವಳನ್ನು ನಾವು ಕೇಳಿದ್ದೇವೆಯೇ?

ನಾನು ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಮಗು ಮೊದಲು ಹೆಗ್ಗುರುತುಗಳನ್ನು ಹಿಡಿಯುತ್ತದೆ, ಆಮೇಲೆ ಅವನ್ನು ಪೋಣಿಸಿ ದಾರಿ ಮಾಡಿಕೊಳ್ಳುತ್ತದೆ, ಕೊನೆಗೆ ಊರಿನ ನಕ್ಷೆ ತಲೆಯೊಳಗೆ ಮೂಡುತ್ತದೆ ಎಂದು ಸೀಗಲ್ ಮತ್ತು ವೈಟ್ 1975ರಲ್ಲಿ ಹೇಳಿದರು. ಈ ಕ್ರಮ ಅಷ್ಟು ಕಟ್ಟುನಿಟ್ಟಲ್ಲ ಎಂಬ ವಾದವೂ ಇದೆ. ಆದರೆ ಗುರುತು ಹಿಡಿಯುವುದೂ ಕಲಿಯಬೇಕಾದ ವಿದ್ಯೆಯೇ. ಚಿಕ್ಕ ಮಕ್ಕಳು ಕಣ್ಣಿಗೆ ಹೊಡೆದದ್ದನ್ನು ಗುರುತಿಟ್ಟುಕೊಳ್ಳುತ್ತಾರೆ: ನಿಂತ ಕೆಂಪು ಕಾರು, ಮಲಗಿದ ನಾಯಿ. ನಾಳೆ ಎರಡೂ ಅಲ್ಲಿರುವುದಿಲ್ಲ. ತಿರುವಿನಲ್ಲೇ ಇರುವ, ಕದಲದ ಅರಳಿಕಟ್ಟೆಯನ್ನು ಆರಿಸಿಕೊಳ್ಳಲು ಒಂದೆರಡು ಸಲ ದಾರಿ ತಪ್ಪಬೇಕು. ಹೋಗುವಾಗಿನ ಕಟ್ಟೆ ಬರುವಾಗ ಬೇರೆಯೇ ಕಾಣುತ್ತದೆ. ಅದಕ್ಕೇ ನಡುನಡುವೆ ಹಿಂತಿರುಗಿ ನೋಡು ಎಂದು ಹೇಳಿಕೊಡಬೇಕು. ವ್ಯಾನಿನ ಹಿಂದಿನ ಸೀಟಿನಲ್ಲಿ ಇದು ಯಾವುದೂ ಆಗುವುದಿಲ್ಲ.

ಫೋನನ್ನು ಬೈಯುವವರು ಒಂದು ಲೆಕ್ಕ ನೋಡಲಿ. ಇಂಗ್ಲೆಂಡಿನಲ್ಲಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದ ಏಳೆಂಟು ವರ್ಷದ ಮಕ್ಕಳು 1971ರಲ್ಲಿ ಶೇ. 80 ಇದ್ದರು, 1990ರಲ್ಲಿ ಶೇ. 9. ಮೇಯರ್ ಹಿಲ್ಮನ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿದಾಗ ಸ್ಮಾರ್ಟ್‌ಫೋನ್ ಹುಟ್ಟಿರಲೇ ಇಲ್ಲ. ಮಕ್ಕಳನ್ನು ರಸ್ತೆಯಿಂದ ಓಡಿಸಿದ್ದು ನಮ್ಮ ವಾಹನಗಳು, ಅವು ಹುಟ್ಟಿಸಿದ ಭಯ.

‘ನಮ್ಮ ರಸ್ತೆಯಲ್ಲಿ ಮಗುವನ್ನು ಹೇಗೆ ಬಿಡುವುದು?’ ಎನ್ನುತ್ತೀರಿ. ನಿಜ, ಫುಟ್‌ಪಾತ್ ತುಂಬ ಬೈಕುಗಳು. ಆ ಬೈಕುಗಳು ಯಾರವು? ಫುಟ್‌ಪಾತ್ ಬಿಡಿಸಿಕೊಡಿ ಎಂದು ವಾರ್ಡ್ ಕಚೇರಿಗೆ ಹೋಗದ ನಾವು, ಮಗುವಿನ ಕೈಗೆ ಟ್ರ್ಯಾಕರ್ ವಾಚ್ ಕಟ್ಟಿ ಸಮಾಧಾನಪಡುತ್ತೇವೆ. ಮಗು ಎಲ್ಲಿದೆ ಎಂದು ವಾಚು ನಮಗೆ ತಿಳಿಸುತ್ತದೆ. ತಾನು ಎಲ್ಲಿದ್ದೇನೆ ಎಂದು ಮಗುವಿಗೆ ತಿಳಿಯುವುದು ಬೇಡವೇ?

ಕಳೆದ ಶನಿವಾರ ಅವಳು ಮುಂದೆ, ನಾನು ಹಿಂದೆ ನಡೆದೆವು. ಹಿಟ್ಟಿನ ಗಿರಣಿಯ ಬಳಿ ತಪ್ಪು ತಿರುಗಿದಳು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ದೂರ ಹೋಗಿ ನಿಂತಳು, ಹಿಂತಿರುಗಿ ನೋಡಿದಳು, ‘ಇದಲ್ಲ’ ಎಂದು ತಾನೇ ವಾಪಸು ಬಂದಳು. ನಿಮ್ಮ ಮಗುವಿಗೂ ವಾರಕ್ಕೊಂದು ಸಲ ಇಷ್ಟು ಕೊಡಿ.